ಗಟ್ಟಿ ಗುಂಡು ಹಾಕಿದರೂ ಬ್ಯಾರೆಲ್‌ನಲ್ಲಿ ಸೀಸ ಮೆತ್ತುತ್ತಿದೆ: ಎಷ್ಟು ಗಡಸುತನ ಬೇಕು?

ಓಹಿಯೋ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಗನ್ ಇವೆ. ಒಂದು ಆರಿಂಚು ಬ್ಯಾರೆಲ್‌ನ ಹಳೆಯ .38 ಸ್ಪೆಷಲ್ ರಿವಾಲ್ವರ್, ಇನ್ನೊಂದು .45 ಎಸಿಪಿ ತೋಟಾದ 1911 ಪಿಸ್ತೂಲ್. ಎರಡೂ ಗುರಿ ಅಭ್ಯಾಸಕ್ಕೆ ಮಾತ್ರ. 1907ರಿಂದ ರಾಷ್ಟ್ರೀಯ ಪಂದ್ಯ ನಡೆಯುತ್ತಿರುವ ಕ್ಯಾಂಪ್ ಪೆರಿ ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿಗೊಮ್ಮೆ ಹೋಗಿ ಬುಲ್ಸ್‌ಐ ಹೊಡೆಯಬೇಕು ಅಂತ ಆಸೆ. ಹಾಗಾಗಿ ತೋಟಾ ನಾನೇ ತುಂಬುತ್ತೇನೆ.

ಸಮಸ್ಯೆ .38ರದ್ದು. ಒಂದು ಕಂಪನಿಯ 158 ಗ್ರೇನ್ ತೂಕದ, ಚಪ್ಪಟೆ ಮೂತಿಯ ಸೆಮಿ ವಾಡ್‌ಕಟರ್ ಎರಕದ ಗುಂಡು ತಂದಿದ್ದೇನೆ. ಡಬ್ಬಿ ಮೇಲೆ 18 ಬಿಎಚ್‌ಎನ್ (ಬ್ರಿನೆಲ್ ಗಡಸುತನದ ಅಂಕ) ಅಂತ ಬರೆದಿದೆ. ಪೌಡರ್ ಕೈಪಿಡಿಯಲ್ಲಿರುವ ಕೆಳಗಿನ ಅಳತೆಯಷ್ಟೇ. ಅರ್ಧ ಡಬ್ಬಿ ಮುಗಿಯುವಷ್ಟರಲ್ಲಿ ಫೋರ್ಸಿಂಗ್ ಕೋನ್‌ನಲ್ಲಿ (ಸಿಲಿಂಡರ್ ಕಡೆ ಬ್ಯಾರೆಲ್‌ನ ಬಾಯಿ) ಬೂದು ಬಣ್ಣದ ಸೀಸದ ಪಟ್ಟಿ ಕಾಣುತ್ತದೆ. ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಚಡಿಗಳು) ಶುರುವಾಗುವ ಕಡೆಯೂ ಚಡಿ ಮುಚ್ಚಿಹೋಗಿರುತ್ತದೆ. 25 ಗಜದಲ್ಲಿ ಮೊದಲು ಒಂದೆಡೆ ಬೀಳುತ್ತಿದ್ದ ಗುಂಡುಗಳು ಆಮೇಲೆ ಚೆಲ್ಲಾಪಿಲ್ಲಿ. ಅದೇ ಕಂಪನಿಯ 200 ಗ್ರೇನ್ ಗುಂಡು .45ರಲ್ಲಿ ಇಷ್ಟು ಕಾಟ ಕೊಡುವುದಿಲ್ಲ.

ಅಂಗಡಿಯಲ್ಲಿ ಕೇಳಿದರೆ "ಇನ್ನೂ ಗಟ್ಟಿಯದು ತಗೊಳ್ಳಿ, 22 ಬಿಎಚ್‌ಎನ್‌ನದು" ಅಂದರು. ಅಷ್ಟರಲ್ಲಿ ಪರಿಚಯದವರೊಬ್ಬರು ಲಿನೋಟೈಪ್ (ಹಳೆ ಮುದ್ರಣದ ಅಚ್ಚಿನ ಲೋಹ) ಗಟ್ಟಿಗಳನ್ನೂ ಹಳೆ ಪೈಪಿನ ಮೆತ್ತನೆ ಸೀಸವನ್ನೂ ಕೊಟ್ಟಿದ್ದಾರೆ. ನಾನೇ ಎರಕ ಹೊಯ್ಯೋಣ ಅಂತಿದ್ದೇನೆ. ಎಷ್ಟು ಗಡಸು ಇರಬೇಕು? ಬರೀ ಲಿನೋಟೈಪ್ ಹೊಯ್ದರೆ ಆಗುತ್ತದಾ?

ಎರಕದ ಮನೆ:

22ಕ್ಕೆ ಹೋಗಬೇಡಿ. ಈಗಿರುವ ತೊಂದರೆ ಅದರಿಂದ ಜಾಸ್ತಿಯಾಗುವ ಸಂಭವವೇ ಹೆಚ್ಚು. ಬರೀ ಲಿನೋಟೈಪ್ ಕೂಡ ಬೇಡ, ಅದೂ 22ರ ಆಸುಪಾಸೇ. ಈಗ ಸಿಗುವುದು ಕಷ್ಟ ಬೇರೆ, ಸುಮ್ನೆ ಹಾಳು ಮಾಡಬೇಡಿ.

ಸೀಸ ಎಲ್ಲಿ ಮೆತ್ತಿದೆ ಅನ್ನುವುದನ್ನು ನೀವು ಸರಿಯಾಗಿ ಗಮನಿಸಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಬ್ಯಾರೆಲ್‌ನ ತುದಿ ಕಡೆ ಮೆತ್ತಿದ್ದರೆ ಲ್ಯೂಬ್ (ಗುಂಡಿಗೆ ಹಚ್ಚುವ ಜಾರುಮೇಣ) ದಾರಿಯಲ್ಲೇ ಖಾಲಿಯಾಗಿದೆ ಅಂತ ಹೇಳಬಹುದಿತ್ತು. ಶುರುವಿನಲ್ಲೇ ಮೆತ್ತಿದ್ದರೆ ಗುಂಡಿಗೂ ಬ್ಯಾರೆಲ್‌ಗೂ ನಡುವೆ ಸಂದು ಇದೆ. ಬಿಸಿ ಗ್ಯಾಸ್ ಆ ಸಂದಿನಿಂದ ಮುಂದಕ್ಕೆ ನುಗ್ಗುತ್ತದೆ. ಗುಂಡಿನ ಅಂಚಿನ ಸೀಸವನ್ನು ಕರಗಿಸಿ, ಕಿತ್ತು, ಮುಂದಿನ ಚಡಿಯಲ್ಲಿ ಬಳಿಯುತ್ತದೆ. ಹಿಂದೆ ಬರುವ ಪ್ರತಿ ಗುಂಡೂ ಅದನ್ನೇ ಇಸ್ತ್ರಿ ಹೊಡೆದು ಗಟ್ಟಿ ಮಾಡುತ್ತದೆ.

ಗುಂಡು ಮೆತ್ತಗಿದ್ದರೆ ಪೌಡರ್‌ನ ಒತ್ತಡಕ್ಕೆ ಅದರ ತಳ ಸ್ವಲ್ಪ ಅಗಲವಾಗಿ ಈ ಸಂದನ್ನು ಮುಚ್ಚುತ್ತದೆ. 18ರ ಗುಂಡು ನಿಮ್ಮ ಮೆಲ್ಲನೆಯ ಲೋಡ್‌ಗೆ ಅಗಲವಾಗುವುದೇ ಇಲ್ಲ. .38 ಸ್ಪೆಷಲ್‌ಗೆ ಇರುವ ಗರಿಷ್ಠ ಒತ್ತಡವೇ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನೀವು ಅದಕ್ಕಿಂತ ಎಷ್ಟೋ ಕೆಳಗಿದ್ದೀರಿ.

ಒಂದು ಉದಾಹರಣೆ. .38ರಲ್ಲಿ 50 ಗಜದ ಪಂದ್ಯಕ್ಕೆ ಹೆಸರಾದದ್ದು 148 ಗ್ರೇನ್‌ನ ಟೊಳ್ಳು ತಳದ ವಾಡ್‌ಕಟರ್. ಅದು ಹೆಚ್ಚುಕಡಿಮೆ ಶುದ್ಧ ಸೀಸ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಗಟ್ಟಿಯಾದಷ್ಟೂ ಒಳ್ಳೆಯದು ಅನ್ನುವುದಾದರೆ ಆ ಗುಂಡು ಬ್ಯಾರೆಲ್ಲನ್ನೇ ಮುಚ್ಚಿಬಿಡಬೇಕಿತ್ತು. ಹಾಗಾಗುವುದಿಲ್ಲ ಅಲ್ವಾ?

ಆದರೆ ಗಡಸುತನಕ್ಕಿಂತ ಮೊದಲು ನನಗೆ ಬೇಕಾದ್ದು ಮೂರು ಅಳತೆ: ಬ್ಯಾರೆಲ್‌ನ ಗ್ರೂವ್ (ಒಳಗಿನ ಚಡಿಗಳ ಅಳತೆ), ಸಿಲಿಂಡರ್‌ನ ಥ್ರೋಟ್ (ಗುಂಡು ಹೊರಬೀಳುವ ಮುಂದಿನ ಬಾಯಿ), ಮತ್ತು ಡಬ್ಬಿಯಿಂದ ತೆಗೆದ ಗುಂಡು. ಡಬ್ಬಿ ಮೇಲೆ ಬರೆದಿರುವುದು ಬೇಡ. ಅಳೆದು ಹೇಳಿ.

ಟೆಕ್ಸಸ್ ಗೌಡ್ರು:

ನೋಡಿ ಸ್ವಾಮಿ, ಇದಕ್ಕೆ ಸಲೀಸಾದ ಲೆಕ್ಕವೇ ಇದೆ. ಬಿಎಚ್‌ಎನ್ ಅನ್ನು 1422ರಿಂದ ಗುಣಿಸಿ. ಬಂದ ಪಿಎಸ್‌ಐ ಆ ಗುಂಡು ತಡೆಯುವ ಒತ್ತಡ. ಅದರ ಶೇ. 90ರೊಳಗೆ ಲೋಡ್ ಇದ್ದರೆ ನಿಖರತೆ ಚೆನ್ನಾಗಿರುತ್ತದೆ ಅಂತ ಹಳಬರು ಹೇಳುತ್ತಾರೆ.

12ರ ಗುಂಡಿಗೆ 17,064 ಬರುತ್ತದೆ. ಸರಿಯಾಗಿ .38 ಸ್ಪೆಷಲ್‌ನ ಮಿತಿ. .45 ಎಸಿಪಿ ಮಿತಿ 21,000, ಅಂದರೆ 15ರ ಹತ್ತಿರ. .357 ಮ್ಯಾಗ್ನಮ್ ಮತ್ತು 9 ಎಂಎಂ ಎರಡಕ್ಕೂ 35,000, ಅಂದರೆ 24ಕ್ಕಿಂತ ಮೇಲೆ. ನಿಮ್ಮ ಲೋಡ್ ಮೆಲ್ಲನೆಯದು, ಹಾಗಾಗಿ .38ಕ್ಕೆ 9ರಿಂದ 11 ಸಾಕು. ಲೆಕ್ಕ ಮುಗೀತು.

ಲೋಹದ ಮೇಷ್ಟ್ರು:

ಗೌಡರೇ, .38ರ ವಿಷಯದಲ್ಲಿ ನಿಮ್ಮ ಉತ್ತರ ಸರಿ. ಆದರೆ ಆ ಲೆಕ್ಕವನ್ನು ಅಷ್ಟು ನಂಬಬೇಡಿ.

1422 ಅನ್ನುವುದು ಬಂದೂಕಿನ ಪರೀಕ್ಷೆಯಿಂದ ಬಂದ ಸಂಖ್ಯೆ ಅಲ್ಲ. ಬ್ರಿನೆಲ್ ಅಳತೆ ಇರುವುದು ಚದರ ಮಿಲಿಮೀಟರಿಗೆ ಇಷ್ಟು ಕಿಲೋ ಭಾರ ಅಂತ. ಅದನ್ನು ಪಿಎಸ್‌ಐಗೆ ಬದಲಿಸಲು 1422ರಿಂದ ಗುಣಿಸಬೇಕು, ಅಷ್ಟೇ. ಅಂದರೆ ಗಡಸುತನವನ್ನೇ ಬಲ ಅಂತ ಹಿಡಿದುಕೊಂಡ ಹಾಗಾಯ್ತು. ಲೋಹ ನಿಜವಾಗಿ ಬಗ್ಗಲು ಶುರುವಾಗುವುದು ಗಡಸುತನದ ಸುಮಾರು ಮೂರನೇ ಒಂದು ಭಾಗದಲ್ಲಿ. ಬ್ರಿನೆಲ್ ಪರೀಕ್ಷೆಯಲ್ಲಿ ಗೋಲಿ ಒತ್ತಿದ ಜಾಗದ ಸುತ್ತಲೂ ಲೋಹವೇ ಇರುತ್ತದೆ. ಆ ಸುತ್ತಲಿನ ಲೋಹ ತಡೆದು ಹಿಡಿಯುವುದರಿಂದ ಅಲ್ಲಿ ಅಷ್ಟು ಜಾಸ್ತಿ ಒತ್ತಡ ಬೇಕಾಗುತ್ತದೆ.

ಹಾಗಾದರೆ 12ರ ಗುಂಡು ಸುತ್ತಲೂ ಯಾವ ಆಸರೆಯೂ ಇಲ್ಲದೆ ನಿಂತರೆ 17,000ಕ್ಕಿಂತ ಎಷ್ಟೋ ಮೊದಲೇ ಬಗ್ಗಬೇಕು. ಬ್ಯಾರೆಲ್‌ನಲ್ಲಿ ಅದು ಉಳಿಯುವುದು ಸುತ್ತಲೂ ಉಕ್ಕಿನ ಗೋಡೆ ಇರುವುದರಿಂದ. ಗೋಡೆಗೆ ಒತ್ತಿ ಕೂತ ಗುಂಡಿಗೆ ಆಸರೆ ಇದೆ. ಸಂದು ಬಿಟ್ಟು ಕೂತ ಗುಂಡಿಗೆ ಇಲ್ಲ. ಅದಕ್ಕೇ 9 ಎಂಎಂನಲ್ಲಿ ಲೆಕ್ಕ 24 ಬೇಕು ಅಂದರೂ, ಅಳತೆ ಸರಿಯಿದ್ದಾಗ ಜನ 12-15ರ ಗುಂಡನ್ನೇ ಆರಾಮಾಗಿ ಹೊಡೆಯುತ್ತಾರೆ. ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ .44 ಸ್ಪೆಷಲ್‌ನಲ್ಲಿ ಸೆಕೆಂಡಿಗೆ 1,200 ಅಡಿಯ ಆಸುಪಾಸಿನಲ್ಲಿ ಹೊಡೆಯುತ್ತಿದ್ದದ್ದು 16 ಪಾಲು ಸೀಸಕ್ಕೆ 1 ಪಾಲು ತವರ ಸೇರಿಸಿದ ಗುಂಡು. ಅದು 11ರ ಹತ್ತಿರ. ಆ ಕೆಲಸವೇ ಮುಂದೆ 1955ರ .44 ಮ್ಯಾಗ್ನಮ್‌ಗೆ ದಾರಿಯಾಯ್ತು.

ಎರಕದ ಮನೆಯವರು ಅಳತೆ ಮೊದಲು ಅಂದದ್ದೇ ಸರಿ. ಅಳತೆ ಸರಿಯಿದ್ದರೆ ಗಡಸುತನದಲ್ಲಿ ನಾಲ್ಕೈದು ಅಂಕ ಆಚೀಚೆ ಆದರೂ ನಡೆಯುತ್ತದೆ. ಅಳತೆ ತಪ್ಪಿದ್ದರೆ ಯಾವ ಗಡಸುತನವೂ ಕೈಹಿಡಿಯುವುದಿಲ್ಲ.

ಟೆಕ್ಸಸ್ ಗೌಡ್ರು:

ಮೇಷ್ಟ್ರೇ, ಒಪ್ಪಿದೆ. ಆದರೆ ಹೊಸಬರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಲು ಒಂದು ಸಂಖ್ಯೆ ಬೇಕಲ್ಲ. ಅಷ್ಟಕ್ಕೆ ಅದು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ವಾದ.

ಅರಿಜೋನಾ ಅಕ್ಕ:

ನಾನು ಕೌಬಾಯ್ ಪಂದ್ಯಕ್ಕೆ ಹೋಗುವವಳು. ನಮ್ಮಲ್ಲಿ ತಾಮ್ರದ ಕವಚದ ಗುಂಡು ಹಾಕುವಂತೆಯೇ ಇಲ್ಲ, ಸೀಸವೇ ಆಗಬೇಕು. .45 ಕೋಲ್ಟ್‌ನ ಮಿತಿ 14,000 ಪಿಎಸ್‌ಐ, ನಾವು ಹೊಡೆಯುವುದು ಅದಕ್ಕಿಂತಲೂ ಮೆಲ್ಲಗೆ. 20ಕ್ಕೆ 1ರಂತೆ ತವರ ಹಾಕಿದ ಸೀಸ, ಸುಮಾರು 10 ಬಿಎಚ್‌ಎನ್. ಬ್ಯಾರೆಲ್ ಕನ್ನಡಿಯ ಹಾಗೆ ಇರುತ್ತದೆ.

ತಮ್ಮಾ, ಅಂಗಡಿ ಗುಂಡು ಯಾಕೆ ಅಷ್ಟು ಗಟ್ಟಿ ಅಂತ ಯೋಚಿಸಿದ್ದೀರಾ? ನಿಮ್ಮ ರಿವಾಲ್ವರ್ ನೋಡಿ ಮಾಡಿದ್ದಲ್ಲ ಅದು. ಸಾವಿರಗಟ್ಟಲೆ ಗುಂಡು ಒಂದೇ ಡಬ್ಬಿಯಲ್ಲಿ ಕುಲುಕಿಕೊಂಡು ಬರಬೇಕು, ಅಂಚು ಜಜ್ಜಬಾರದು. ಯಂತ್ರದಲ್ಲಿ ಬೇಗ ಬೇಗ ಎರಕ ಹೊಯ್ಯಲೂ ಶೇ. 6 ಆಂಟಿಮನಿ, ಶೇ. 2 ತವರದ ಮಿಶ್ರಣ ಅನುಕೂಲ. ಮೇಲೆ ಹಚ್ಚಿರುವ ನೀಲಿಯೋ ಕೆಂಪೋ ಮೇಣವೂ ಗಟ್ಟಿ, ಸಾಗಾಟದಲ್ಲಿ ಉದುರಬಾರದು ಅಂತ. ಮೆಲ್ಲನೆಯ ಲೋಡ್‌ನಲ್ಲಿ ಆ ಮೇಣ ಕರಗುವುದೂ ಕಷ್ಟ. ಸ್ವಂತ ಎರಕದಲ್ಲಿ ಮೆತ್ತನೆ ಲ್ಯೂಬ್ ಹಾಕಿ, ಜೇನುಮೇಣ ಇರುವಂಥದ್ದು.

ಓಹಿಯೋ ಕನ್ನಡಿಗ:

ಇಷ್ಟೊಂದು ವಿವರ ಕೊಟ್ಟಿದ್ದಕ್ಕೆ ಧನ್ಯವಾದ. ಬ್ಯಾರೆಲ್ ಒಳಗಿನ ಗ್ರೂವ್ ಅಳೆಯುವುದು ಹೇಗೆ? ನನ್ನ ಹತ್ತಿರ ಡಿಜಿಟಲ್ ಕ್ಯಾಲಿಪರ್ ಇದೆ.

ಎರಕದ ಮನೆ:

ಕ್ಯಾಲಿಪರ್ ಸಾಲದು. ಇಲ್ಲಿ ಜಗಳ ಇರುವುದು ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ. ಕ್ಯಾಲಿಪರ್‌ನ ತಪ್ಪೇ ಅಷ್ಟಿರುತ್ತದೆ. ಹತ್ತು ಸಾವಿರದಲ್ಲಿ ಒಂದು ಭಾಗ ತೋರಿಸುವ ಮೈಕ್ರೋಮೀಟರ್ ತನ್ನಿ ಅಥವಾ ಯಾರದಾದರೂ ಕೇಳಿ ಪಡೆಯಿರಿ.

ಗನ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಸಿಲಿಂಡರ್ ಕಳಚಿ ಪಕ್ಕಕ್ಕಿಡಿ. ಬ್ಯಾರೆಲ್‌ನಲ್ಲಿ ಮೆತ್ತಿರುವ ಸೀಸ ಪೂರ್ತಿ ತೆಗೆದು ಒಳಗೆ ಎಣ್ಣೆ ಸವರಿ. ಬ್ಯಾರೆಲ್‌ಗಿಂತ ಒಂದು ಕೂದಲು ದಪ್ಪಗಿರುವ ಶುದ್ಧ ಸೀಸದ ತುಂಡು ಬೇಕು. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಮೊಟ್ಟೆಯಾಕಾರದ ಸೀಸ ಚೆನ್ನಾಗಿ ಒಗ್ಗುತ್ತದೆ. ಅದನ್ನು ತುದಿಯಲ್ಲಿಟ್ಟು ಮೆಲ್ಲಗೆ ಬಡಿದು ಒಳಗೆ ಕೂರಿಸಿ, ಹಿತ್ತಾಳೆ ಕಡ್ಡಿಯಿಂದ ತಳ್ಳಿ. ಮರದ ಕಡ್ಡಿ ಬೇಡ, ಸೀಳಿ ಒಳಗೇ ಸಿಕ್ಕಿಕೊಂಡರೆ ಕಷ್ಟ. ಶುರುವಿನಲ್ಲಿ ಬಿಗಿ ಇದ್ದು ಆಮೇಲೆ ಒಂದೇ ಸಮ ಜಾರಬೇಕು. ನಡುವೆ ಎಲ್ಲಾದರೂ ತಟ್ಟನೆ ಬಿಗಿಯಾದರೆ ಅಲ್ಲಿ ಬ್ಯಾರೆಲ್ ಕಿರಿದಾಗಿದೆ ಅಂತ ಬರೆದಿಟ್ಟುಕೊಳ್ಳಿ. ಫ್ರೇಮ್‌ಗೆ ಬ್ಯಾರೆಲ್ ತಿರುಗಿಸಿ ಕೂರಿಸಿರುವ ಕಡೆ ಕೆಲವು ರಿವಾಲ್ವರ್‌ಗಳಲ್ಲಿ ಹಾಗಿರುತ್ತದೆ.

ಹೊರಗೆ ಬಂದ ಸೀಸದ ಮೇಲೆ ಉಬ್ಬು ಗೆರೆಗಳಿರುತ್ತವಲ್ಲ, ಅವೇ ಗ್ರೂವ್. ಎದುರುಬದುರಿನ ಎರಡು ಉಬ್ಬುಗಳ ನಡುವಿನ ಅಗಲ ಅಳೆಯಿರಿ. ಗ್ರೂವ್ ಐದಿದ್ದರೆ ಎದುರಿಗೆ ಉಬ್ಬು ಸಿಗುವುದಿಲ್ಲ, ಅದಕ್ಕೆ ವಿ ಆಕಾರದ ಆಸರೆ ಇರುವ ಮೈಕ್ರೋಮೀಟರ್ ಬೇಕು.

ಆಮೇಲೆ ಸಿಲಿಂಡರ್‌ನ ಆರೂ ಥ್ರೋಟ್‌ಗಳನ್ನು ಹೀಗೆಯೇ ಅಳೆಯಿರಿ. ಸುಲಭದ ಪರೀಕ್ಷೆಯೂ ಒಂದಿದೆ. ಗುಂಡನ್ನು ಮುಂದಿನಿಂದ ಥ್ರೋಟ್‌ಗೆ ಹಾಕಿ ಬೆರಳಲ್ಲಿ ಒತ್ತಿ. ತಾನಾಗಿ ಜಾರಿ ಬಿದ್ದರೆ ಗುಂಡು ಸಣ್ಣದು. ಬೆರಳಿನ ಬಲಕ್ಕೆ ಹೋದರೆ ಸರಿ. ಸುತ್ತಿಗೆಯೇ ಬೇಕಾದರೆ ಥ್ರೋಟ್ ಬಿಗಿ. ಥ್ರೋಟ್ ಗ್ರೂವ್‌ಗಿಂತ ಕಿರಿದಾಗಿದ್ದರೆ ಎಷ್ಟು ದಪ್ಪ ಗುಂಡು ಹಾಕಿದರೂ ಅಲ್ಲೇ ಹಿಂಡಿ ಸಣ್ಣದಾಗುತ್ತದೆ. ಅದಕ್ಕೆ ಗನ್‌ಸ್ಮಿತ್ ಹತ್ತಿರ ಹೋಗಬೇಕು, ಮಿಶ್ರಣ ಬದಲಿಸಿ ಪ್ರಯೋಜನವಿಲ್ಲ.

ಮಲೆನಾಡು ಟು ಮಿಷಿಗನ್:

ಬ್ಯಾರೆಲ್ ಸ್ವಚ್ಛ ಮಾಡುವ ಬಗ್ಗೆ ಒಂದು ಮಾತು. ಪಾತ್ರೆ ಉಜ್ಜುವ ಶುದ್ಧ ತಾಮ್ರದ ಜಾಲರಿ ಸಿಗುತ್ತದೆ. ನಾಲ್ಕೆಳೆ ಕತ್ತರಿಸಿ ಸವೆದ ಬ್ರಷ್‌ಗೆ ಸುತ್ತಿ ಎಳೆದರೆ ಸೀಸ ಚೂರು ಚೂರಾಗಿ ಬರುತ್ತದೆ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಉಕ್ಕಿದೆ, ಬಳಸಬೇಡಿ. ವಿನೆಗರ್‌ಗೆ ಪೆರಾಕ್ಸೈಡ್ ಬೆರೆಸಿ ಸುರಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ ಮಾರಾಯ್ರೆ. ಅದು ಸೀಸದ ಅಸಿಟೇಟ್ ಆಗುತ್ತದೆ. ನೀರಿನಲ್ಲಿ ಕರಗುವ ವಿಷ, ಉಕ್ಕಿಗೂ ಹಾನಿ. ತಾಮ್ರ ಕವಚದ ಗುಂಡು ಹೊಡೆದು ಸೀಸ ತಳ್ಳುವುದೂ ಬೇಡ, ಒತ್ತಡ ಏರುತ್ತದೆ.

ನಾನು ಎರಕ ಹೊಯ್ಯುವುದು 9 ಎಂಎಂಗೆ. ಅಲ್ಲಿ ಇನ್ನೊಂದು ತೊಡಕಿದೆ. 9 ಎಂಎಂ ಕೇಸ್ (ತೋಟಾದ ಹಿತ್ತಾಳೆ ಕೊಳವೆ) ಬಾಯಿಯಿಂದ ತಳಕ್ಕೆ ಹೋಗುತ್ತಾ ದಪ್ಪವಾಗುತ್ತದೆ. ಕೇಸನ್ನು ಅಳತೆಗೆ ತರುವ ಡೈ ಮಾಡಿರುವುದು 0.355 ಇಂಚಿನ ಕವಚದ ಗುಂಡಿಗೆ. ನಾವು 0.357ರ ಮೆತ್ತನೆ ಗುಂಡನ್ನು ಅದರಲ್ಲಿ ಕೂರಿಸಿದರೆ ಕೇಸೇ ಗುಂಡಿನ ತಳವನ್ನು ಹಿಂಡುತ್ತದೆ. ಗಡಸುತನ ಏರಿಸಿದಾಗ 9 ಎಂಎಂನಲ್ಲಿ ಕೆಲವರಿಗೆ ಸೀಸ ಮೆತ್ತುವುದು ನಿಲ್ಲುತ್ತದಲ್ಲ, ಅದಕ್ಕೆ ಎಷ್ಟೋ ಸಲ ಕಾರಣ ಇದೇ. ಗಟ್ಟಿ ಗುಂಡು ಕೇಸ್ ಒಳಗೆ ಹಿಂಡಿಹೋಗುವುದಿಲ್ಲ. ಕೇಸ್ ಬಾಯಿ ಅಗಲಿಸುವ ದೊಡ್ಡ ಎಕ್ಸ್‌ಪ್ಯಾಂಡರ್ ಹಾಕಿಕೊಂಡರೆ 13ರ ಗುಂಡೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ತೋಟಾ ತುಂಬಿದ ಮೇಲೆ ಒಂದು ಗುಂಡನ್ನು ಹೊರಗೆಳೆದು ಮತ್ತೆ ಅಳೆದು ನೋಡಿ. .38ಕ್ಕೂ ಈ ಮಾತು ಸಲ್ಲುತ್ತದೆ.

ಗ್ಲಾಕ್ ಇರುವವರಿಗೆ: ಅವರ ಬಹುಕೋನದ ರೈಫ್ಲಿಂಗ್ ಬ್ಯಾರೆಲ್‌ಗೆ ಬರೀ ಸೀಸದ ಗುಂಡು ಬೇಡ ಅಂತ ಕಂಪನಿಯೇ ಹೇಳಿದೆ.

ವೇದಿಕೆ ನಿರ್ವಾಹಕ:

ಎಲ್ಲರಿಗೂ ನೆನಪಿರಲಿ, ಪೌಡರ್‌ನ ಹೆಸರು, ಅಳತೆ ಇಲ್ಲಿ ಬರೆಯಬೇಡಿ. ಪ್ರಕಟವಾದ ಕೈಪಿಡಿಯನ್ನೇ ನೋಡಿ. ಗುಂಡಿನ ತೂಕ, ಕೂರಿಸುವ ಆಳ ಬದಲಾದರೆ ಕೆಳಗಿನ ಅಳತೆಯಿಂದ ಮತ್ತೆ ಶುರು ಮಾಡಿ.

ಓಹಿಯೋ ಕನ್ನಡಿಗ:

ಅಳೆದೆ. ಕ್ಲಬ್‌ನ ಹಿರಿಯರೊಬ್ಬರು ಮೈಕ್ರೋಮೀಟರ್ ಕೊಟ್ಟು ಪಕ್ಕದಲ್ಲೇ ಕೂತು ಸಹಾಯ ಮಾಡಿದರು.

.38ರ ಗ್ರೂವ್ 0.3573. ಥ್ರೋಟ್ ಆರೂ 0.358ರ ಹತ್ತಿರವೇ ಇವೆ. ಡಬ್ಬಿ ಮೇಲೆ 0.358 ಅಂತ ಇದೆ, ಆದರೆ ಗುಂಡು ಅಳೆದರೆ 0.3568. ಥ್ರೋಟ್‌ಗೆ ಹಾಕಿದರೆ ನಿಲ್ಲುವುದೇ ಇಲ್ಲ, ನೇರ ಕೆಳಗೆ ಬೀಳುತ್ತದೆ. .45ರಲ್ಲಿ ಗ್ರೂವ್ 0.451, ಗುಂಡು 0.452. ಎರಡೂ ಗನ್‌ಗೆ ಒಂದೇ ಗಡಸುತನದ ಗುಂಡು. ಒಂದರಲ್ಲಿ ಮಾತ್ರ ಯಾಕೆ ಕಾಟ ಅಂತ ಈಗ ಗೊತ್ತಾಯ್ತು.

ಇನ್ನು ಮಿಶ್ರಣ ಹೇಳಿಕೊಡಿ.

ಲೋಹದ ಮೇಷ್ಟ್ರು:

ಲಿನೋಟೈಪ್ ಅಂದರೆ ಸುಮಾರು ಶೇ. 84 ಸೀಸ, 12 ಆಂಟಿಮನಿ, 4 ತವರ. ನಮ್ಮೂರ ಹಳೆ ಪ್ರೆಸ್‌ಗಳ ಅಚ್ಚುಮೊಳೆಯೂ ಇದೇ ಬಳಗದ ಲೋಹ. ಆಂಟಿಮನಿ ಇದ್ದರೆ ಗಟ್ಟಿಯಾಗುವಾಗ ಲೋಹ ಹೆಚ್ಚು ಕುಗ್ಗುವುದಿಲ್ಲ. ಅದಕ್ಕೇ ಅಕ್ಷರದ ಮೂಲೆ ಮೂಲೆಯೂ ಚೂಪಾಗಿ ಬರುತ್ತಿತ್ತು. ಗುಂಡಿನ ಅಂಚಿಗೂ ಅದೇ ಲಾಭ.

ಅಂದಾಜಿಗೆ ಒಂದು ಸೂತ್ರ ಇದೆ. 8.6ಕ್ಕೆ ತವರದ ಶೇಕಡಾವಾರಿನ 0.29 ಪಟ್ಟು, ಆಂಟಿಮನಿಯ 0.92 ಪಟ್ಟು ಸೇರಿಸಿ. ಒಂದು ಪಾಲು ಲಿನೋಟೈಪ್, ಎರಡು ಪಾಲು ಮೆತ್ತನೆ ಸೀಸ ಹಾಕಿದರೆ ಆಂಟಿಮನಿ ಶೇ. 4, ತವರ 1.3, ಗಡಸುತನ 12.7ರ ಹತ್ತಿರ. ಒಂದಕ್ಕೆ ಮೂರು ಹಾಕಿದರೆ ಆಂಟಿಮನಿ 3, ತವರ 1, ಗಡಸುತನ 11.6ರ ಹತ್ತಿರ. ಶುದ್ಧ ಸೀಸಕ್ಕೆ ಈ ಸೂತ್ರ ಒಗ್ಗುವುದಿಲ್ಲ. ಅದು 8.6 ಅನ್ನುತ್ತದೆ, ನಿಜವಾಗಿ ಸೀಸ 5ರಷ್ಟೇ ಇರುವುದು.

.38ಕ್ಕೆ ಒಂದಕ್ಕೆ ಮೂರು ಮಾಡಿ. .45ಕ್ಕೂ ಅದೇ ಸಾಕು. ಎರಡು ಮಡಕೆ, ಎರಡು ಮಿಶ್ರಣದ ಗೊಂದಲ ಯಾಕೆ? ಅಚ್ಚು ಸರಿಯಾಗಿ ತುಂಬದಿದ್ದರೆ ಇನ್ನೊಂದು ಶೇಕಡಾ ತವರ ಹಾಕಿ. ಅದಕ್ಕಿಂತ ಜಾಸ್ತಿ ಬೇಡ. ತವರ ಇರುವುದು ಲೋಹ ಚೆನ್ನಾಗಿ ಹರಿಯಲು. ಗಡಸುತನ ಕೊಡುವುದು ಆಂಟಿಮನಿ, ತವರ ದುಬಾರಿ.

ಟೆಕ್ಸಸ್ ಗೌಡ್ರು:

ನಾನು ಎರಕ ಹೊಯ್ಯುವುದು ಟೈರ್ ಅಂಗಡಿಯಿಂದ ತಂದ, ಚಕ್ರದ ಸಮತೋಲನಕ್ಕೆ ಹಾಕುವ ತೂಕದ ತುಂಡಿನಲ್ಲಿ. ಕ್ಲಿಪ್ ಇರುವ ಸೀಸದ ತುಂಡು ಸುಮಾರು 11-12 ಬರುತ್ತದೆ. ಅಂಟಿಸುವ ತುಂಡು ಹೆಚ್ಚುಕಡಿಮೆ ಮೆತ್ತನೆ ಸೀಸ. ಈಗ ಸತುವಿನವು, ಉಕ್ಕಿನವು ಜಾಸ್ತಿ ಬೆರೆತಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2010ರಿಂದಲೇ ಸೀಸದ್ದು ಇಲ್ಲ. ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ಉರಿ 370 ದಾಟದಂತೆ ಇಟ್ಟರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಚಮಚದಲ್ಲಿ ತೆಗೆದುಬಿಡಬಹುದು. ಸತು ಕರಗಿ ಬೆರೆತರೆ ಆ ಮಡಕೆ ಲೋಹ ಗಂಜಿಯಂತಾಗಿ ಅಚ್ಚು ತುಂಬುವುದೇ ಇಲ್ಲ.

ಅಚ್ಚಿನಿಂದ ಬಿಸಿ ಗುಂಡನ್ನು ನೇರ ನೀರಿನ ಬಕೆಟ್‌ಗೆ ಬೀಳಿಸಿದರೆ 12ರದ್ದು 18-20 ಆಗುತ್ತದೆ. .357 ಮ್ಯಾಗ್ನಮ್‌ಗೆ ನಾನು ಹಾಗೆ ಮಾಡುತ್ತೇನೆ, ತಳಕ್ಕೆ ಗ್ಯಾಸ್ ತಡೆಯುವ ತಾಮ್ರದ ಬಿಲ್ಲೆ (ಗ್ಯಾಸ್ ಚೆಕ್) ಹಾಕುತ್ತೇನೆ.

ಲೋಹದ ಮೇಷ್ಟ್ರು:

ನೀರಿಗೆ ಬೀಳಿಸಿ ಗಟ್ಟಿಯಾಗಲು ಆಂಟಿಮನಿ ಇರಬೇಕು, ಜೊತೆಗೆ ಚೂರು ಆರ್ಸೆನಿಕ್ ಇದ್ದರೆ ಇನ್ನೂ ಚೆನ್ನಾಗಿ ಆಗುತ್ತದೆ. ಚಕ್ರದ ತುಂಡಿನಲ್ಲಿ ಎರಡೂ ಇರುತ್ತವೆ. ಬರೀ ಸೀಸ-ತವರದ ಗುಂಡಿಗೆ ನೀರಿನಿಂದ ಏನೂ ಆಗುವುದಿಲ್ಲ. ಓಹಿಯೋದವರ .38ಕ್ಕೆ ಅದು ಬೇಡವೇ ಬೇಡ.

ಗಾಳಿಯಲ್ಲಿ ಆರಿದ ಗುಂಡೂ ಒಂದೆರಡು ವಾರ ಮೆಲ್ಲಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಹೊಯ್ದ ದಿನವೇ ಅಳೆದ ಗಡಸುತನವನ್ನು ನಂಬಬೇಡಿ. ಸೈಜರ್‌ನಲ್ಲಿ (ಗುಂಡನ್ನು ಸರಿಯಾದ ಅಳತೆಗೆ ತರುವ ಸಾಧನ) ಎಳೆಯುವುದಿದ್ದರೆ ಬೇಗ ಎಳೆಯಿರಿ. ಗಟ್ಟಿಯಾದ ಮೇಲೆ ಎಳೆದರೆ ಮೇಲ್ಮೈ ಮತ್ತೆ ಮೆತ್ತಗಾಗುತ್ತದೆ.

ಓಹಿಯೋ ಕನ್ನಡಿಗ:

ಅಳೆಯಲು ಯಾವ ಸಾಧನ ತಗೊಳ್ಳಲಿ?

ಅರಿಜೋನಾ ಅಕ್ಕ:

ನನ್ನ ಹತ್ತಿರ ಲೀ ಕಂಪನಿಯದು ಇದೆ. ಗುಂಡಿನ ಮೂತಿಯನ್ನು ಅರದಲ್ಲಿ ಸ್ವಲ್ಪ ಚಪ್ಪಟೆ ಮಾಡಿ, ಪ್ರೆಸ್‌ನಲ್ಲಿಟ್ಟು, 5/32 ಇಂಚಿನ ಗೋಲಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಬಿದ್ದ ಗುಳಿಯ ಅಗಲವನ್ನು 20 ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಸೂಕ್ಷ್ಮದರ್ಶಕದಲ್ಲಿ ಓದಿ, ಪಟ್ಟಿಯಲ್ಲಿ ನೋಡಬೇಕು. ಕೈ ನಡುಗಿದರೆ ಓದಲು ಆಗುವುದಿಲ್ಲ. ನಾನು ಅದನ್ನು ಚಿಕ್ಕ ಮರದ ಸ್ಟ್ಯಾಂಡ್‌ಗೆ ಸಿಕ್ಕಿಸಿ, ಪಕ್ಕದಿಂದ ದೀಪ ಬಿಡುತ್ತೇನೆ. ಆಗ ಗುಳಿಯ ಅಂಚು ಸ್ಪಷ್ಟವಾಗಿ ಕಾಣುತ್ತದೆ.

ದುಡ್ಡು ಖರ್ಚು ಬೇಡ ಅಂದರೆ ಚಿತ್ರ ಬಿಡಿಸುವ ಪೆನ್ಸಿಲ್ ಸೆಟ್ ಸಾಕು. ಸೀಸದ ಮೇಲೆ 45 ಡಿಗ್ರಿಯಲ್ಲಿ ಹಿಡಿದು ತಳ್ಳಿ. ಮೆತ್ತನೆ ಪೆನ್ಸಿಲ್ ಜಾರುತ್ತದೆ, ಗಟ್ಟಿಯದು ಸೀಸವನ್ನು ಕೆತ್ತುತ್ತದೆ. ಯಾವ ಪೆನ್ಸಿಲ್‌ನಿಂದ ಕೆತ್ತಲು ಶುರುವಾಯ್ತು ಅಂತ ನೋಡಿಕೊಳ್ಳಿ. ಸಂಖ್ಯೆ ಸಿಗದಿದ್ದರೂ ಕಳೆದ ಸಲದ ಮಿಶ್ರಣಕ್ಕೂ ಈ ಸಲದ್ದಕ್ಕೂ ವ್ಯತ್ಯಾಸ ಇದೆಯಾ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು ಕೇಳಿ ತಮ್ಮಾ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ. ಎರಕದ ಬಿಸಿಯಲ್ಲಿ ಸೀಸದ ಆವಿ ಅಷ್ಟೇನೂ ಏಳುವುದಿಲ್ಲ. ಅಪಾಯ ಇರುವುದು ಮೇಲೆ ಕಟ್ಟುವ ಬೂದಿಯಂಥ ಕಿಟ್ಟದಲ್ಲಿ, ಕೈಯಲ್ಲಿ, ಬಟ್ಟೆಯಲ್ಲಿ. ಕಿಟ್ಟವನ್ನು ಮುಚ್ಚಳದ ಡಬ್ಬಿಗೆ ಹಾಕಿ, ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಬೇಡಿ. ಗಾಳಿ ಆಡುವ ಕಡೆ ಕೂತುಕೊಳ್ಳಿ. ಕೆಲಸದ ಬಟ್ಟೆ, ಚಪ್ಪಲಿ ಬೇರೆಯೇ ಇರಲಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ. ಸೀಸ ಕರಗಿಸಿದ ಪಾತ್ರೆ ಮತ್ತೆ ಅಡುಗೆ ಮನೆಗೆ ಹೋಗಬಾರದು. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ಮಕ್ಕಳಿಗೂ ಮಾಡಿಸಿ. ಮಕ್ಕಳಿಗೆ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಎಚ್ಚರಿಕೆಗೆ ಇಟ್ಟ ಮಟ್ಟ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ಸೀಸ ಎಷ್ಟು ಕಡಿಮೆಯಿದ್ದರೂ ಮಕ್ಕಳಿಗೆ ಒಳ್ಳೆಯದಲ್ಲ.

ಕರಗಿದ ಸೀಸಕ್ಕೆ ಒದ್ದೆ ಗಟ್ಟಿ ಹಾಕಲೇಬಾರದು. ಒಂದು ಹನಿ ನೀರು ಒಳಗೆ ಹೋದರೂ ಹಬೆಯಾಗಿ ಸಿಡಿದು ಮಡಕೆಯ ಸೀಸ ಮೈಮೇಲೆ ಬರುತ್ತದೆ. ಗಟ್ಟಿಗಳನ್ನು ಮಡಕೆಯ ಅಂಚಿನಲ್ಲಿಟ್ಟು ಬಿಸಿ ಮಾಡಿ ಆಮೇಲೆ ಹಾಕಿ. ಮುಖಕ್ಕೆ ಶೀಲ್ಡ್, ತುಂಬು ತೋಳಿನ ಹತ್ತಿ ಅಂಗಿ, ಚರ್ಮದ ಗ್ಲೌಸ್, ಮುಚ್ಚಿದ ಶೂ. ಗೌಡರ ನೀರಿನ ಬಕೆಟ್ ಮಡಕೆಯಿಂದ ದೂರ ಇರಲಿ.

ಟೆಕ್ಸಸ್ ಗೌಡ್ರು:

ದೂರವೇ ಇದೆ ಅಕ್ಕ, ಮಡಕೆಗಿಂತ ಕೆಳಗೆ, ನೆಲದ ಮೇಲೆ. ಹೇಳಿದ್ದು ಒಳ್ಳೆಯದಾಯ್ತು.

ಕೊಡಗಿನ ಕೋವಿ:

ನಾನು ಮಡಿಕೇರಿಯವನು. ಓದಲು ಬಹಳ ಚೆನ್ನಾಗಿದೆ. ನಮ್ಮಲ್ಲಿ ಮನೆಗೊಂದು ಕೋವಿ ಇದೆ, ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ. ಇಲ್ಲೂ ಹೀಗೆ ಗುಂಡು ಎರಕ ಹೊಯ್ದು ತೋಟಾ ತುಂಬಬಹುದಾ?

ವೇದಿಕೆ ನಿರ್ವಾಹಕ:

ಮಾಡಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ತೋಟಾ ತಯಾರಿಸುವುದು ಬೇರೆ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಇಲ್ಲದೆ ಮಾಡಿದರೆ ಅಪರಾಧ. ಈ ಚರ್ಚೆ ಇದಕ್ಕೆ ಅವಕಾಶ ಇರುವ ಅಮೆರಿಕದ ರಾಜ್ಯಗಳವರಿಗೆ. ಅಲ್ಲೂ ತಮ್ಮ ರಾಜ್ಯದ ಕಾನೂನು ನೋಡಿಕೊಳ್ಳಬೇಕು.

ಬುಲ್ಸ್‌ಐ ಆಸೆ:

ಈಗ ಎಲ್ಲರೂ ಪೌಡರ್ ಕೋಟಿಂಗ್ ಅಂತಾರೆ. ಅದನ್ನು ಹಾಕಿದರೆ ಗಡಸುತನದ ಯೋಚನೆಯೇ ಬೇಡವಾ?

ಮಲೆನಾಡು ಟು ಮಿಷಿಗನ್:

ಯೋಚನೆ ಬಹಳ ಕಡಿಮೆಯಾಗುತ್ತದೆ. ನಾನು 9 ಎಂಎಂಗೆ ಅದನ್ನೇ ಮಾಡುತ್ತೇನೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು, ಪುಡಿ, ಜೊತೆಗೆ ಕಪ್ಪು ಏರ್‌ಸಾಫ್ಟ್ ಗೋಲಿ ಹಾಕಿ ಕುಲುಕಿದರೆ ಪುಡಿ ತಾನಾಗಿ ಅಂಟಿಕೊಳ್ಳುತ್ತದೆ. ಟೋಸ್ಟರ್ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ. ಆ ಓವನ್‌ನಲ್ಲಿ ಮತ್ತೆ ಯಾವತ್ತೂ ಬ್ರೆಡ್ ಇಡಬಾರದು. ಆರಿದ ಮೇಲೆ ಒಂದು ಗುಂಡನ್ನು ಸುತ್ತಿಗೆಯಲ್ಲಿ ಚಪ್ಪಟೆಯಾಗುವ ತನಕ ಹೊಡೆಯಿರಿ. ಕೋಟಿಂಗ್ ಎದ್ದು ಬಂದರೆ ಸರಿಯಾಗಿ ಬೆಂದಿಲ್ಲ.

ಎರಡು ವಿಷಯ ಗಮನದಲ್ಲಿರಲಿ. ಓವನ್ ಬಿಸಿಗೆ ನೀರಿನಲ್ಲಿ ಗಟ್ಟಿ ಮಾಡಿದ ಗುಂಡು ಮತ್ತೆ ಮೆತ್ತಗಾಗುತ್ತದೆ. ಕೋಟಿಂಗ್ ದಪ್ಪ ಸೇರಿ ಗುಂಡಿನ ಅಳತೆ ಹೆಚ್ಚುತ್ತದೆ, ಆಮೇಲೆ ಸೈಜ್ ಮಾಡಬೇಕು. ಅಳತೆ ತಪ್ಪಿದ ಗುಂಡಿಗೆ ಬಣ್ಣ ಹಚ್ಚಿದರೆ ನಿಖರತೆ ಬರುವುದಿಲ್ಲ, ಸೀಸ ಮೆತ್ತುವುದು ಕಡಿಮೆಯಾಗಬಹುದು ಅಷ್ಟೇ.

ಓಹಿಯೋ ಕನ್ನಡಿಗ:

ಫಲಿತಾಂಶ ಬಂದಿದೆ. ಲಿನೋಟೈಪ್ ಒಂದು ಪಾಲು, ಮೆತ್ತನೆ ಸೀಸ ಮೂರು ಪಾಲು. 0.358ಕ್ಕೆ ಸೈಜ್ ಮಾಡಿ, ಜೇನುಮೇಣದ ಲ್ಯೂಬ್ ಹಾಕಿದೆ. ಥ್ರೋಟ್‌ಗೆ ಬೆರಳಿನ ಬಲಕ್ಕೆ ಸರಿಯಾಗಿ ಹೋಗುತ್ತದೆ. ಲೋಡ್ ಹಿಂದಿನದೇ. ಡಬ್ಬಿ ಪೂರ್ತಿ ಹೊಡೆದ ಮೇಲೂ ಫೋರ್ಸಿಂಗ್ ಕೋನ್‌ನಲ್ಲಿ ಬರೀ ಲ್ಯೂಬ್‌ನ ಮಸಿ. ಬಟ್ಟೆಯಲ್ಲಿ ಒರೆಸಿದರೆ ಹೋಯ್ತು. 25 ಗಜದಲ್ಲಿ ಕೊನೆಯ ಆರು ಗುಂಡು ಮೊದಲ ಆರರಷ್ಟೇ ಒತ್ತಾಗಿ ಬಿದ್ದವು.

ಲೋಹದ ಮೇಷ್ಟ್ರು:

ಬಹಳ ಸಂತೋಷ. ಆದರೆ ನೀವು ಅಳತೆ, ಗಡಸುತನ, ಲ್ಯೂಬ್ ಮೂರನ್ನೂ ಒಟ್ಟಿಗೆ ಬದಲಿಸಿದ್ದೀರಿ. ಯಾವುದರಿಂದ ಗುಣವಾಯ್ತು ಅಂತ ಗೊತ್ತಾಗಬೇಕಾದರೆ ಸ್ವಲ್ಪ ಬರೀ ಲಿನೋಟೈಪ್ ಗುಂಡು ಹೊಯ್ದು, ಅದನ್ನೂ 0.358ಕ್ಕೆ ಸೈಜ್ ಮಾಡಿ, ಅದೇ ಲ್ಯೂಬ್ ಹಾಕಿ ಹೊಡೆದು ನೋಡಿ. ಆಗ ಬರೀ ಗಡಸುತನದ ಪಾಲು ಎಷ್ಟು ಅಂತ ತಿಳಿಯುತ್ತದೆ.

ಓಹಿಯೋ ಕನ್ನಡಿಗ:

ಮಾಡಿದೆ ಮೇಷ್ಟ್ರೇ. ಅಚ್ಚಿನಿಂದ ಗುಂಡು ಎಷ್ಟು ಹೊಳಪಾಗಿ, ಚೂಪಾಗಿ ಬಂತು ಅಂದರೆ ನೋಡುತ್ತಾ ಕೂರುವ ಹಾಗಿತ್ತು. ಹೊಡೆದ ಮೇಲೆ ಕೋನ್‌ನಲ್ಲಿ ತೆಳು ಬೂದು ಪೊರೆ ಇತ್ತು, ರೈಫ್ಲಿಂಗಿನ ಎಡ ಅಂಚಿನಲ್ಲೂ ಒಂದು ಎಳೆ. ಅಂಗಡಿ ಗುಂಡಿನ ಕಾಟಕ್ಕೆ ಹೋಲಿಸಿದರೆ ಏನೂ ಅಲ್ಲ, ಆದರೆ ಮೆತ್ತನೆ ಮಿಶ್ರಣದಷ್ಟು ಸ್ವಚ್ಛವೂ ಅಲ್ಲ. ಗುರಿಯಲ್ಲಿ ಗುಂಡು ಬಿದ್ದ ಗುಂಪು ಎರಡರದ್ದೂ ಹೆಚ್ಚುಕಡಿಮೆ ಒಂದೇ.

ಎರಕದ ಮನೆ:

ಅಂದರೆ ದೊಡ್ಡ ಪಾಲು ಅಳತೆಯದು, ಉಳಿದ ಚೂರು ಗಡಸುತನದ್ದು. ಉಳಿದ ಲಿನೋಟೈಪ್ ಅನ್ನು ಹಾಗೇ ಹೊಯ್ಯಬೇಡಿ, ಒಂದಕ್ಕೆ ಮೂರರಂತೆ ಈಗಲೇ ಬೆರೆಸಿ ಗಟ್ಟಿ ಮಾಡಿ, ಪ್ರತಿ ಗಟ್ಟಿಯ ಮೇಲೂ ಮೊಳೆಯಲ್ಲಿ ಗುರುತು ಕೊರೆದಿಡಿ. ಆರು ತಿಂಗಳಾದ ಮೇಲೆ ಯಾವುದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಓಹಿಯೋ ಕನ್ನಡಿಗ:

ಆಗಲಿ. ಈ ಶನಿವಾರ ಅದನ್ನೇ ಮಾಡುತ್ತೇನೆ. .45ಕ್ಕೂ ಇದೇ ಗಟ್ಟಿಯಿಂದ ಹೊಯ್ದು 0.452ಕ್ಕೆ ಸೈಜ್ ಮಾಡಿ, 50 ಗಜದ ಫಲಿತಾಂಶ ಬೇರೆ ಎಳೆಯಲ್ಲಿ ಹಾಕುತ್ತೇನೆ.